ಏಳನೆಯ ಸಾಲು

ಡೆಲೊರೇನ್ ಸೇತುವೆ ದಾಟಿದರೆ ಬೂದು ಜೇಡಿ.
ಹಿಡಿದರೆ ಹಿಟ್ಟಿನ ಹಾಗೆ ಕೈಗಂಟುತ್ತದೆ.
‘ಅದೇ ತೊಂದರೆ’ ಅಂದಳು ನೊರೀನ್,
ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದವಳು,
‘ಲ್ಯಾವೆಂಡರಿಗೆ ಕಾಲು ಒದ್ದೆಯಾಗಬಾರದು.’

ಗಿಡಕ್ಕೆ ಕಾಲು!
ನಾನು ನಕ್ಕಿದ್ದು ಆಗಸ್ಟಿನಲ್ಲಿ.

ಏರುಮಡಿ ಕಟ್ಟಿದೆವು, ಸುಣ್ಣ ಚೆಲ್ಲಿದೆವು,
ಗಾಳಿ ತಿರುಗಿ ಮುಖಕ್ಕೇ ಹೊಡೆದು
ರೆಪ್ಪೆಯವರೆಗೂ ಬೆಳ್ಳಗಾದೆವು.
ಇನ್ನೂರ ನಲವತ್ತು ಸಸಿ. ಹಗ್ಗ ಎಳೆದು
ನೆಟ್ಟಗೆ ನೆಟ್ಟೆವು, ಏಳನೆಯದೊಂದು ಬಿಟ್ಟು.
ಅಲ್ಲಿ ಹಗ್ಗಕ್ಕೆ ಒರಗಿ ಮಲಗಿತ್ತು ನಾಯಿ, ಬ್ಯಾಂಜೊ.
ನಾವು ನೋಡಿದ್ದು ಸಂಜೆ, ಸಾಲಿನ ನಡುವೆ
ನಾಯಿಯ ಬೆನ್ನಿನ ಅಳತೆಗೆ ಒಂದು ಸೊಟ್ಟ.

ನಾನು ಲಾನ್ಸೆಸ್ಟನ್ ಆಸ್ಪತ್ರೆಯ ಅಡುಗೆಮನೆಯವಳು.
ಉಣ್ಣಿಸುವುದೊಂದೇ ನನಗೆ ಗೊತ್ತಿರುವ ಕಸುಬು.
ಪಾಳಿ ಮುಗಿಸಿ ಬಂದು, ಕತ್ತಲಲ್ಲಿ, ಕದ್ದು
ಬುಡಕ್ಕೊಂದು ಲೋಟ ನೀರು ಹಾಕುತ್ತಿದ್ದೆ,
ಮಲಗುವ ಮುಂಚೆ ಮಗುವಿಗೆ ಹಾಲು ಕೊಟ್ಟಂತೆ.

ಮೂವತ್ತೊಂದು ಸತ್ತವು.
ಎಲ್ಲವೂ ಗೇಟಿನ ಹತ್ತಿರದವು,
ನನ್ನ ಲೋಟ ತಲುಪಿದಷ್ಟು ದೂರದವು.
ನೊರೀನ್ ಎಣಿಸಿದಳು, ಏನೂ ಅನ್ನಲಿಲ್ಲ.
ಪೈಪನ್ನು ಸುರುಳಿ ಸುತ್ತಿ
ತನ್ನ ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿಕೊಂಡಳು.

ಡಿಸೆಂಬರಿಗೆ ಮೊಗ್ಗು.
ಕುಣಿಯುವ ಮೊದಲೇ ಕತ್ತರಿ ಕೊಟ್ಟಳು:
ಮೊದಲ ವರ್ಷದ ಹೂವೆಂದರೆ
ಬೇರಿನ ಬಾಯಿಂದ ಕಿತ್ತ ತುತ್ತು,
ಒಂದನ್ನೂ ಅರಳಗೊಡಬಾರದು.

ಕೊತ್ತಂಬರಿ ಕತ್ತರಿಸಿ ಪಳಗಿದ ಕೈ
ಅಂದು ಎರಡನೆಯ ಸಾಲಿಗೇ ಸೋತಿತು.
ಬೆರಳು ಮೂಸಿದೆ. ದವನವೇ? ಅಲ್ಲ.
ಮರುಗವೇ? ಅದೂ ಅಲ್ಲ.
ನೆಂಟರು ಬಂದ ದಿನ ಮಾತ್ರ ಕಾಗದ ಬಿಚ್ಚುತ್ತಿದ್ದ
ಸೋಪಿನಂಥದು ಏನೋ.

ಬೇಲಿಯಾಚೆ ಟ್ರ್ಯಾಕ್ಟರ್ ನಿಲ್ಲಿಸಿ ಕ್ಲೈಡ್ ಕೂಗಿದ:
‘ಎಲ್ಲಮ್ಮ ನಿಮ್ಮ ನೇರಳೆ ಬಣ್ಣ?’
ನೊರೀನ್ ತಳ್ಳುಗಾಡಿ ತೋರಿಸಿದಳು.
ಅದರೊಳಗೆ ಇಡೀ ವರ್ಷ, ಅರ್ಧ ಗಾಡಿಯೂ ತುಂಬದೆ.
ಅವನು ನಕ್ಕ. ನಾವೂ ನಕ್ಕೆವು, ಸ್ವಲ್ಪ ತಡವಾಗಿ.

ಮರುದಿನ ಕಳೆ ಕೀಳುತ್ತ ಹೋದಾಗ
ಏಳನೆಯ ಸಾಲಿನ ಸೊಟ್ಟದಲ್ಲಿ
ಒಂದು ಗಿಡಕ್ಕೆ ಕತ್ತರಿ ಬಿದ್ದೇ ಇಲ್ಲ.
ಹನ್ನೊಂದು ಕಡ್ಡಿ, ತುದಿಗಳು ಆಗಲೇ ಬಾಯಿಬಿಟ್ಟಿವೆ.

ನಾನು ಬಿಟ್ಟಿದ್ದಲ್ಲ.
ಆ ಸಾಲು ನೊರೀನಳ ಪಾಲಿನದು.

ತಿರುಗಿ ನೋಡಿದೆ. ಅವಳು ತುಂಬ ಗಮನವಿಟ್ಟು
ಗೇಟಿನ ಕೀಲಿಗೆ ಎಣ್ಣೆ ಬಿಡುತ್ತಿದ್ದಳು.
ಗಿಡದ ಪಕ್ಕ ಬ್ಯಾಂಜೊ, ಮುಂಗಾಲ ಮೇಲೆ ಗದ್ದ ಊರಿ,
ಒಂದೇ ಒಂದು ಜೇನು ಹೋಗಿ ಬರುವುದನ್ನು
ಕಣ್ಣಲ್ಲೇ ಎಣಿಸುತ್ತಿತ್ತು.