ಎಂಬತ್ತೇಳರಲ್ಲಿ ಒಂದು

ಗಾರೆ ಜವರಯ್ಯ ಟೇಪು ಎಳೆದು
ಗೋಡೆಗೆ ಪೆನ್ಸಿಲ್ ಗೀಟು ಹಾಕಿದ:
‘ಇಲ್ಲಿಂದ ಇಲ್ಲಿಗೆ ಆರಡಿ. ಬಚ್ಚಲು ಸಲೀಸಾಗಿ ಕೂರ್ತದೆ ಸಾರ್.’
ಅವನ ಗೀಟು ನೆಟ್ಟಗೆ
ಬಾಳ್ಳುಪೇಟೆ ಸ್ಟೇಷನ್ನಿನ ತಲೆಯ ಮೇಲೆ.

ಪಂಕಜಳ ಮಂಡಿಚಿಪ್ಪಿನ ಆಪರೇಷನ್ನು ಆಷಾಢ ಕಳೆದ ಮೇಲೆ.
ಮೆಟ್ಟಿಲು ಹತ್ತಬಾರದು, ಕುಕ್ಕುರುಗಾಲಲ್ಲಿ ಕೂರಬಾರದು.
ಕೆಳಗೊಂದು ಕಮೋಡಿನ ಬಚ್ಚಲು ಆಗಲೇಬೇಕು,
ಅದಕ್ಕೆ ಇರುವುದು ಇದೊಂದೇ ಕೋಣೆ.
ನಾನು ತಕರಾರು ತೆಗೆಯಲಿಲ್ಲ.
ಎರಡು ದಿನ ಸಾರಿಗೆ ಉಪ್ಪು ಜಾಸ್ತಿ ಅಂದೆ, ಅಷ್ಟೆ.

ಮೂವತ್ತೊಂದು ವರ್ಷ ಹಾಸನದ ಬಸ್ ಡಿಪೋದಲ್ಲಿ
ಡೀಸೆಲ್ ಲೆಕ್ಕ ಬರೆದವನು.
ನಂಟು ಮಾತ್ರ ರೈಲಿನದು.
ಅರಸೀಕೆರೆಯಿಂದ ದೋಣಿಗಲ್ಲಿನ ತನಕ
ಪ್ಲೈವುಡ್ಡಿನ ಮೇಲೆ ಹಳಿ ಹಾಸಲು ಹದಿಮೂರು ವರ್ಷ,
ಅದೂ ಭಾನುವಾರಗಳು ಮಾತ್ರ, ನಾಲ್ಕು ಜನ.
ಕುಕ್ಕರ್ ರಿಪೇರಿಯ ರಿಯಾಜ್ ಪಾಷ
ಬೆಸುಗೆ ಇಟ್ಟರೆ ಸಿಗ್ನಲ್ಲು ಕಣ್ಣು ಬಿಡುತ್ತದೆ.
ಟೈಲರ್ ಧರಣೇಂದ್ರ ಹಸಿರು ದಾರ ಸಣ್ಣಗೆ ಕೊಚ್ಚಿ
ಇಡೀ ಘಟ್ಟಕ್ಕೆ ಹುಲ್ಲು ಬೆಳೆಸಿದ.
ನರ್ಸು ಫಿಲೋಮಿನಾ ಸಿರಿಂಜಿನಲ್ಲಿ ಹನಿ ಹನಿ ಅಂಟು ಬಿಟ್ಟು
ಜಲ್ಲಿ ಕೂರಿಸುವಾಗ
ಜ್ವರದ ಮಗುವಿಗೆ ಔಷಧಿ ಹಾಕುವ ಮುಖ.

ಅಮಾವಾಸ್ಯೆ ಅಂತ ಜವರಯ್ಯ ಬರಲಿಲ್ಲ.
ಆ ದಿನವೇ ಗರಗಸ ತಂದೆವು.
ಯಾರು ಮೊದಲು?
ಪಾಷ ಚಹಾ ಕುಡಿದ. ಧರಣೇಂದ್ರ ಕನ್ನಡಕ ಒರೆಸಿದ, ಮತ್ತೆ ಒರೆಸಿದ.
‘ಕೊಡಿ ಇಲ್ಲಿ’ ಅಂದಳು ಫಿಲೋಮಿನಾ.
ಹಳಿ ತುಂಡಾಗುವ ಸದ್ದು ದೊಡ್ಡದೇನಲ್ಲ,
ಉಗುರು ಕತ್ತರಿಸಿದ ಹಾಗೆ.

ಅರಸೀಕೆರೆ ಪಾಷನ ಪಾಲು: ಪೆನ್ಶನ್ ಮೊಹಲ್ಲದ ಅಟ್ಟಕ್ಕೆ.
ಹಾಸನ ಜಂಕ್ಷನ್ನು ಧರಣೇಂದ್ರನ ಕಟಿಂಗ್ ಟೇಬಲ್ಲಿನ ಕೆಳಗೆ,
ಅಲ್ಲಿ ಈಗ ಹಗಲೆಲ್ಲ ರವಿಕೆ ಚೂರಿನ ಮಳೆ.
ಸಕಲೇಶಪುರ, ದೋಣಿಗಲ್ಲು ಆಸ್ಪತ್ರೆ ಕ್ವಾರ್ಟರ್ಸಿಗೆ, ಫ್ರಿಜ್ಜಿನ ಮೇಲೆ.
ಬಾಳ್ಳುಪೇಟೆ ನನಗೇ ಉಳಿಯಿತು,
ಬಚ್ಚಲ ಸಜ್ಜದ ಮೇಲೆ, ಗೀಸರಿನ ಪಕ್ಕ, ಮೂರೂವರೆ ಅಡಿ.

ನಮ್ಮ ಲೆಕ್ಕ ಎಂಬತ್ತೇಳರಲ್ಲಿ ಒಂದು.
ಆ ಲೆಕ್ಕದಲ್ಲಿ ಒಡೆದ ಗೋಡೆ ಹೆಬ್ಬೆಟ್ಟಿನ ಒಂದು ಗೆಣ್ಣು,
ಬಚ್ಚಲು, ಬೆಂಕಿಪೊಟ್ಟಣದೊಳಗೆ ಎರಡು ಹಿಡಿಸುತ್ತವೆ.
ಮಂಡಿನೋವನ್ನು ಮಾತ್ರ ಯಾವುದರಿಂದ ಭಾಗಿಸಬೇಕೋ
ರಾತ್ರಿ ಅವಳು ಮಗ್ಗುಲು ಬದಲಿಸುವಾಗ
ತೋಚುವುದಿಲ್ಲ.

ಒಂದು ಬೆಳಗ್ಗೆ ನೋಡಿದರೆ
ಕುಂಟಿಕೊಂಡೇ ಅಂಗಳಕ್ಕೆ ಬಂದು ಮೋಡದ ಮೇಲೆ ಕೂತವಳು
ಗೋಡೆಯ ಇಟ್ಟಿಗೆಪುಡಿಯನ್ನು
ಟೀ ಜಾಲರಿಯಲ್ಲಿ ಸೋಸಿ ಹಾರ್ಲಿಕ್ಸ್ ಬಾಟಲಿಗೆ ತುಂಬುತ್ತಿದ್ದಾಳೆ.
‘ಪ್ಲಾಟ್‌ಫಾರಮ್ಮಿಗೆ ಬಂದೀತು.
ಜಾಲರಿ ಹೊಸದು ತನ್ನಿ.’

ಈಗ ರೈಲು ಹೀಗೆ ಓಡುತ್ತದೆ:
ಅರಸೀಕೆರೆ ಬಿಡುವುದು ಒಂಬತ್ತು ಹತ್ತಕ್ಕೆ.
ಪ್ಲೈವುಡ್ಡು ಮುಗಿದಲ್ಲಿ ನಿಂತು
ಟಿಫಿನ್ ಕ್ಯಾರಿಯರ್ ಹತ್ತುತ್ತದೆ,
ತಳದ ಡಬ್ಬಿಯಲ್ಲಿ ಮಲ್ ಬಟ್ಟೆ ಸುತ್ತಿದ ಎಂಜಿನ್ನು,
ಮೇಲೆರಡರಲ್ಲಿ ಬೋಗಿ.
ಪಾಷನ ಸ್ಕೂಟರು, ಹಿಂದೆ ನಾನು, ತೊಡೆಯ ಮೇಲೆ ಮೂರು ಡಬ್ಬಿ.
ಗುಂಡಿ ಬಂದಲ್ಲೆಲ್ಲ ‘ಹುಷಾರು’ ಅನ್ನುತ್ತೇನೆ.
ಧರಣೇಂದ್ರ ಅಂಗಡಿ ಬಾಗಿಲಲ್ಲಿ ಗಡಿಯಾರ ಹಿಡಿದು ನಿಂತಿರುತ್ತಾನೆ,
ಎಷ್ಟು ಲೇಟೆಂದು ಅಳತೆ ಪುಸ್ತಕದಲ್ಲಿ
ಯಾರದೋ ತೋಳಿನುದ್ದದ ಕೆಳಗೆ ಬರೆದುಕೊಳ್ಳಲು.

ಮೊನ್ನೆ ಗೇಟು ಬಿತ್ತು.
ಗೂಡ್ಸು. ಎಣಿಸಿದರೆ ಮುಗಿಯದ ವ್ಯಾಗನ್ನು.
ಕಾಲಡಿಯ ನೆಲ ನಡುಗಿ
ಡಬ್ಬಿಯೊಳಗೆ ಏನೋ ಕಿಣಿಕಿಣಿ ಅಂದಿತು.
ಪಕ್ಕದ ಆಟೋದವನು ಬಗ್ಗಿ ಕೇಳಿದ:
‘ಏನ್ ಸಾರ್, ಬಿಸಿ ತಿಂಡಿನಾ?’
ಪಾಷ ಹೂಂ ಅಂದ.

ಆಗ ಪಂಕಜಳ ಫೋನು.
‘ಬಾಳ್ಳುಪೇಟೆಯಲ್ಲಿ ಲೈಟು ಹಾಕಿ ಕೂತಿದ್ದೀನಿ. ಎಲ್ಲಿದೀರಿ?’
‘ಗೇಟು ಬಿದ್ದಿದೆ ಕಣೆ.’
‘ಯಾವುದು,
ದೊಡ್ಡದಾ, ಚಿಕ್ಕದಾ?’