ಓಣಿಗಷ್ಟೇ ಗೊತ್ತಿರುವ ಹೆಸರು

ಮುಚ್ಚಿದ ಗಣಿ ಆಫೀಸಿನ ಹರಾಜಿನದು ಈ ಲ್ಯಾಪ್‌ಟಾಪು.
ಎಷ್ಟು ಊದಿದರೂ ಕೀಲಿಗಳ ಸಂದಿಯಲ್ಲಿ
ಇನ್ನೂ ಸಂಡೂರಿನ ಕೆಂಪು.
ಅದಕ್ಕಿರುವುದು ಎಂಟು ಜಿಬಿ ನೆನಪು,
ಅದರಲ್ಲೇ ಎರಡನ್ನು ಒಳಗಿನ ಯಂತ್ರಕ್ಕೆ ಬಿಟ್ಟುಕೊಟ್ಟೆ,
ನಡುಮನೆಗೆ ಸೀರೆ ಅಡ್ಡ ಕಟ್ಟಿ
ಬಾಣಂತಿಗೊಂದು ಕೋಣೆ ಮಾಡಿದಂತೆ.

ಅದೂ ಸುಮ್ಮನೆ ಆಗಲಿಲ್ಲ.
ಎಫ್-ಟು ಒತ್ತಿ ಒತ್ತಿ, ನೀಲಿ ಪರದೆಯ ತಳದಲ್ಲಿ
ಯಾರೋ ಆರಿಸಿಟ್ಟು ಮರೆತಿದ್ದ ಒಂದು ಸಾಲು ಹುಡುಕಿ
ಹೊತ್ತಿಸಬೇಕಾಯಿತು.
ಉಬುಂಟು ಇಳಿಯಲು ಎರಡು ರಾತ್ರಿ.
ಫೋನಿಗೆ ದಿನಕ್ಕೆ ಒಂದೂವರೆ ಜಿಬಿ ಪಡಿ,
ಹನ್ನೆರಡು ಹೊಡೆದು ತಾರೀಖು ಬದಲಾದರೆ
ನಿಂತಲ್ಲಿಂದ ಮತ್ತೆ ತೊಟ್ಟು ತೊಟ್ಟು,
ಕೌಲ್‌ಬಜಾರಿನ ನಲ್ಲಿಯ ಹಾಗೆ.

ಕೆಳಗೆ ಎರ್ರಿಸ್ವಾಮಿಯ ಜೀನ್ಸ್ ಯೂನಿಟ್ಟು.
ಹದಿನಾಲ್ಕು ಮಿಷನ್ನು ಒಟ್ಟಿಗೆ ಓಡಿದರೆ
ನನ್ನ ಚಹಾದ ಮೇಲೆ ಸಣ್ಣ ಸಣ್ಣ ಬಳೆ ಏಳುತ್ತವೆ.
ಮೂರನೇ ಮಿಷನ್ನು ಅವ್ವನದು,
ಬೆಲ್ಟಿನ ಲೂಪು ಹಚ್ಚುತ್ತಾಳೆ, ಪ್ಯಾಂಟಿಗೆ ಐದು.
ಒಂದೇ ಥಾನು, ಒಂದೇ ಕತ್ತರಿ.
ಕೊನೆಗೆ ಲೇಬಲ್ಲು ಹಚ್ಚುವ ಶಮಶಾದಕ್ಕನ ಮುಂದೆ ಮಾತ್ರ
ನಾಲ್ಕು ಡಬ್ಬಿ, ನಾಲ್ಕು ಹೆಸರು.

"ಒಂದ ಮಿಷನ್ನಾಗ ನಾಲ್ಕು ಅಂಗಡಿ ಹೆಂಗ ಇಡ್ತೀಯೇ?"
ಕೇಳಿದಳು ಅವ್ವ, ರೊಟ್ಟಿ ಮುರಿಯುತ್ತ.
ಶಮಶಾದಕ್ಕನ ಡಬ್ಬಿ ತೋರಿಸಿದೆ.
"ಅಷ್ಟೇನಾ?" ಅಂದಳು,
ಸ್ವಲ್ಪ ನಿರಾಸೆಯಾದ ಹಾಗಿತ್ತು.

ಎರ್ರಿಸ್ವಾಮಿಯದು ಬಾಡಿಗೆಯಲ್ಲಿ ವಜಾ.
ಗಾದಿಲಿಂಗಪ್ಪನ ಬೋರ್‌ವೆಲ್ ಲಾರಿ ಮುಂಗಡ ಕೊಟ್ಟಿದೆ.
ಹಲ್ಲಿನ ಡಾಕ್ಟರಿಗೆ ನಗುವ ಫೋಟೋ ಬೇಕಂತೆ,
ಹಲ್ಲು ಮಾತ್ರ ತಮ್ಮದಲ್ಲವಂತೆ, ಬೇರೆ ಯಾರದಾದರೂ.
ಸುಮಂಗಲಾ ಟೀಚರ್ ಟ್ಯೂಷನ್ನು: ಕೊಟ್ಟಿಲ್ಲ, ನಾನು ಕೇಳಿಲ್ಲ.

ಮೊದಲು ನಾಲ್ವರನ್ನೂ ಒಂದೇ ಗಂಟು ಕಟ್ಟಿದ್ದೆ.
ಬೋರ್‌ವೆಲ್ಲಿಗೆ ಹೊಸ ಪಿಎಚ್‌ಪಿ ಹಾಕಿದ ದಿನ
ಡಾಕ್ಟರು ಬಿಳೀ ಪುಟವಾಗಿ ನಿಂತರು.
ಈಗ ಒಬ್ಬೊಬ್ಬರ ಹೊಸ್ತಿಲು ಬೇರೆ.
ಎಂಬತ್ತನೇ ಬಾಗಿಲಲ್ಲಿ ಆಗಲೇ ಯಾರೋ ಇದ್ದಾರೆ,
ಸಿರುಗುಪ್ಪ ಬಸ್ಸಿನ ಕಿಟಕಿಗೆ ಟವೆಲ್ಲು ಎಸೆದು
ಮಂಡಕ್ಕಿ ತಿನ್ನಲು ಹೋದವನ ಹಾಗೆ, ಆಳಿನ ಸುಳಿವಿಲ್ಲ.
ಜಗಳ ಯಾಕೆ,
ಎಂಟು ಸಾವಿರದ ಎಂಬತ್ತಕ್ಕೆ ಸರಿದು ಕೂತೆ.

ಆಮೇಲೆ ಆ ಪುಟ್ಟ ಕಡತ.
ನೂರಾ ಇಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು,
ಅಂದರೆ ಮನೆ. ಅದರ ಪಕ್ಕ ಹೆಸರು:
ಎರ್ರಿ ಡಾಟ್ ಟೆಸ್ಟ್,
ಬೋರು ಡಾಟ್ ಟೆಸ್ಟ್,
ಹಲ್ಲು, ಟೀಚರು.
ಜಗತ್ತಿನ ಯಾವ ಮೂಲೆಯಲ್ಲಿ ನಿಂತು ಕೂಗಿದರೂ
ಆ ಹೆಸರಿನವರು ಯಾರೂ ಇಲ್ಲ.
ಈ ಮೇಜಿನಿಂದ ಕರೆದರೆ 'ಓ' ಅನ್ನುತ್ತಾರೆ.

ನನಗಿದು ಹೊಸದಲ್ಲ.
ಆಧಾರಿನಲ್ಲಿ ನಾನು ಹುಲಿಗೆಮ್ಮ.
ಹುಲಿಗೆಮ್ಮನ ಮನೆ ಯಾವುದೆಂದು ಓಣಿಯುದ್ದ ಕೇಳಿ ಕೇಳಿ
ಕೊರಿಯರ್ ಹುಡುಗ ವಾಪಸ್ಸು ಹೋಗಿದ್ದಾನೆ.
ಕರೆಂಟಿಲ್ಲದ ರಾತ್ರಿ ಹುಟ್ಟಿದ್ದಕ್ಕೆ ಇಲ್ಲಿ ನಾನು ಚಿಮಣಿ.
ಚಿಮಣಿ ಅಂದಿದ್ದರೆ
ಮೂರು ಮಕ್ಕಳು ಮುಂದೆ ಓಡಿ ಬಾಗಿಲು ತೋರಿಸುತ್ತಿದ್ದವು.

ನಿನ್ನೆ ಸಂಜೆ ಸ್ನ್ಯಾಪ್‌ಶಾಟ್ ತೆಗೆದಿಟ್ಟೆ,
ಏನು ಕೆಟ್ಟರೂ ಈ ಗಳಿಗೆಗೆ ಮರಳಬಹುದು ಎಂದೆ.
"ಕತ್ತರಿ ಆಡಿದ ಮ್ಯಾಲೆ ಬಟ್ಟಿ ಹಿಂದಕ ಬರಲ್ಲ"
ಅಂದಳು ಅವ್ವ, ನಂಬದೆ.
ಆಗಲೇ ಕರೆಂಟು ಹೋಯಿತು.
ಹದಿನಾಲ್ಕು ಮಿಷನ್ನೂ ಒಂದೇ ಉಸಿರಿಗೆ ನಿಂತವು,
ಚಹಾ ಕಣ್ಣು ಮುಚ್ಚಿದಂತೆ ಸಮ.
ಬ್ಯಾಟರಿ ಇಪ್ಪತ್ತು ನಿಮಿಷ. ಫೋನು ಸತ್ತಿತ್ತು.

"ಚಿಮಣೀ, ಸೂಜಿ ಬಿತ್ತಲೇ, ಬೆಳಕು ತಾ."

ತೆರೆದ ಪರದೆ ಎದೆಗೆ ಹಿಡಿದು ಮೆಟ್ಟಿಲಿಳಿದೆ.
ನೀಲಿ ರಾಶಿಯ ನಡುವೆ ಬಗ್ಗಿ
ಅವ್ವ ಸೂಜಿ ಹುಡುಕಿದಳು,
ದಾರ ಎಂಜಲು ಮಾಡಿ ಪೋಣಿಸಿದಳು
ಡಾಕ್ಟರ ನಗುವಿನ ಬೆಳಕಿನಲ್ಲಿ,
ಯಾರದೋ ಹಲ್ಲು.