ಜಾಗ ಇಲ್ಲ

ಫೋನು ಹೇಳುತ್ತದೆ: ಜಾಗ ಇಲ್ಲ,
ಏನಾದರೂ ಅಳಿಸು.

ಬೆಂಕಿಪೊಟ್ಟಣದ ರೈಲು ಮುನ್ನೂರ ಹನ್ನೊಂದು ಫೋಟೊ ದೂರ ಬಂದಿದೆ,
ಇನ್ನೂ ಅರ್ಧ ನಿಮಿಷ ಆಗಿಲ್ಲ.
ಅದರ ಪಕ್ಕ ಮುಬೀನ ಕಳಿಸಿದ ವಕ್ರೀಭವನದ ನೋಟ್ಸು,
ಸೋಮವಾರ ಪ್ರಿಪರೇಟರಿ.
ಅದರ ಪಕ್ಕ ಮಿಮ್ಸ್ ಆಸ್ಪತ್ರೆ ಚೀಟಿ, ಅವ್ವನ ಎಕ್ಸರೆ,
ಮದ್ದೂರಿಂದ ಅಪ್ಪನ ದನಿ:
"ಈ ವಾರ ಆಗಾಕಿಲ್ಲ ಕಣ್ ಮಗ."
ಹದಿನೇಳು ಸೆಕೆಂಡು.
ಅದರಲ್ಲಿ ಹತ್ತು ಬರೀ ಲಾರಿ ಸದ್ದು.

ಯಾವುದನ್ನು?

ಸೊಪ್ಪು ಬಿಡಿಸುತ್ತಾ ಅವ್ವ ಅಂದಳು,
"ನನ್ ಎಕ್ಸರೇನ ತಗದಾಕು ಕಣ್ಲಾ,
ಹೆಂಗಿದ್ರೂ ಒಳಗೇ ಅದಲ್ಲ."
ಅಂದು ಕೆಮ್ಮಿದಳು, ಕೆಮ್ಮಿ ನಕ್ಕಳು.

ರೈಲು ಸ್ಟೇಷನ್ನಿನಲ್ಲಿ ಸುಮ್ಮನೆ ನಿಂತಿರುವ
ನಲವತ್ತು ಫೋಟೊ ಅಳಿಸಿದೆ.
ಕಾಯುವುದನ್ನು ಯಾರು ನೋಡುತ್ತಾರೆ.

ಆಮೇಲೆ ಮೊಳೆಗೆ ತೂಗಿದ್ದ ದೊಡ್ಡ ಕವರಿನಿಂದ
ಆ ಕರಿ ಹಾಳೆಯನ್ನೇ ತೆಗೆದು ಕಿಟಕಿಗೆ ಅಂಟಿಸಿದೆ.
ಗುತ್ತಲು ರಸ್ತೆಯ ಬಿಸಿಲು
ಅದರೊಳಗಿಂದ ಹಾದು ಬೂದಿಬಣ್ಣವಾಗಿ ಬಂತು.
ಮೇಜನ್ನು ಹತ್ತಿರ ಎಳೆದು
ಪಕ್ಕೆಲುಬುಗಳ ಕೆಳಗೆ ರೈಲು ಇಟ್ಟೆ.
ಕ್ಲಿಕ್.
ಕೂದಲೆಳೆಯಷ್ಟು ಮುಂದೆ ಸರಿಸಿದೆ.
ಕ್ಲಿಕ್.

ಒಂಚೂರು ತಡಿ ಅವ್ವ,
ಈಗ ಕೆಮ್ಮಬ್ಯಾಡ,
ಮೇಜು ಅಲ್ಲಾಡ್ತದೆ.